ವಾಪಸಾದ ಜಾತಕ

ನಮ್ಮಲ್ಲಿ ಜಾತಕ ಕೇಳಿದವರು ಬೇಡವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನಿದ್ದುಬಿಡುತ್ತಾರೆ. ಹೆಣ್ಣಿನ ಕಡೆಯವರು ಅದನ್ನೇ ಉತ್ತರವೆಂದು ತಿಳಿಯಬೇಕು, ಮತ್ತೆ ವಿಚಾರಿಸಬಾರದು. ಇದಕ್ಕೆ ಮರ್ಯಾದೆ ಎನ್ನುತ್ತಾರೆ. ಆ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸಿದ್ದಾಪುರದ ಒಂದು ಮದುವೆಮನೆಯಲ್ಲಿ ಅಕ್ಕನೂ ಯಲ್ಲಾಪುರದ ಕಾಲೇಜಿನ ಮೇಷ್ಟರೊಬ್ಬರೂ ಪಂಕ್ತಿ ಏಳುವವರೆಗೆ ಮಾತಾಡಿದ್ದರು. ಆಮೇಲೆ ಅವರ ಮನೆಯವರು ಜಾತಕ ಕೇಳಿದರು. ಅಪ್ಪ ಶಿರಸಿಯ ವಧೂವರ ಕೇಂದ್ರಕ್ಕೆ ಹೋಗಿ, ಇಮೇಲಿನಲ್ಲಿ ಕಳಿಸಲು ಹೇಳಿಬಂದ. ಉತ್ತರ ಬರಲಿಲ್ಲ. ಫೋನು ಬಡಿದುಕೊಂಡಾಗೆಲ್ಲ ಅಕ್ಕ ಅಡುಗೆಮನೆಯಿಂದ ಓಡಿಬರುತ್ತಿದ್ದಳು. ಒಂದು ಮಾತು ವಿಚಾರಿಸಿ ಎಂದು ಅಮ್ಮ ಗೋಗರೆದರೆ ಅಪ್ಪ, "ಹೆಣ್ಣಿನ ಕಡೆಯವು ಎರಡನೇ ಸಲ ಕೇಳಲಾಗ" ಎಂದ. ಮುಂದಿನ ವೈಶಾಖದಲ್ಲಿ ಮೇಷ್ಟರ ಮದುವೆ ಬೇರೆ ಕಡೆ ಆಯಿತು. ನೆಂಟರೆಲ್ಲ ಸೇರಿ ಅಕ್ಕನ ಜಾತಕದಲ್ಲಿ ದೋಷ ಹುಡುಕಿದರು. ಅವಳಿಗೆ ಸೋಮವಾರದ ಉಪವಾಸ ಹಚ್ಚಿದರು.

ಮರುವರ್ಷ ನಾನು ಅದೇ ಕೇಂದ್ರದಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ಒಂದು ದಿನ ಎಕ್ಕಂಬಿ ಕಡೆಯವರೊಬ್ಬರು ಬಂದು, "ಕಳಿಸೇವಿ ಅಂತೀರಿ, ಅವರಿಗೆ ಮುಟ್ಟೇ ಇಲ್ಲಲ್ರೀ!" ಎಂದು ಕೂಗಾಡಿದರು. ಪುಣ್ಯಾತ್ಮ, ಆತನಾದರೂ ಕೇಳಿದ. ನಾನು ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆ. ಇಂಟರ್ನೆಟ್ ಹಚ್ಚಿದರೆ ಫೋನ್ ಲೈನು ಕಟ್ಟಿಹೋಗುತ್ತದೆಂದು ಮಾಲೀಕರು ವಾರದ ಜಾತಕಗಳನ್ನೆಲ್ಲ ಶನಿವಾರ ಒಂದೇ ಸಲಕ್ಕೆ ಕಳಿಸುತ್ತಿದ್ದರು. ಗಂಟೆಗೆ ಇಷ್ಟೇ ಇಮೇಲು ಎಂದು, ಅವನ್ನು ಸಾಗಿಸುವ ಸರ್ವರ್ ಯಂತ್ರಕ್ಕೆ ಮಿತಿಯಿತ್ತು. ಮಿತಿ ದಾಟಿದ್ದನ್ನು ಅದು ಕಳಿಸದೆ, ಹೋಗಿಲ್ಲ ಎಂಬ ಸೂಚನೆಯೊಂದಿಗೆ ವಾಪಸು ಮಾಡುತ್ತಿತ್ತು. ಇಂಗ್ಲಿಷಿನಲ್ಲಿದ್ದ ಆ ಸೂಚನೆಗಳನ್ನು ಜಾಹೀರಾತೆಂದುಕೊಂಡು ಯಾರೂ ತೆರೆದಿರಲಿಲ್ಲ. ನಾನು ಒಂದೊಂದಾಗಿ ತೆರೆಯುತ್ತ ಹೋದೆ. ಹಳೆಯದೊಂದರಲ್ಲಿ ಅಕ್ಕನ ಹೆಸರಿತ್ತು.

ಇನ್ನು ಸ್ವಲ್ಪಸ್ವಲ್ಪವೇ, ನಡುವೆ ಬಿಡುವು ಕೊಟ್ಟು ಕಳಿಸಬೇಕೆಂದು ಮಾಲೀಕರಿಗೆ ಹೇಳಿದೆ. ಅಕ್ಕನ ವಿಷಯವನ್ನೂ ಹೇಳಿದೆ. "ಈಗ ಸರಿ ಆತಲ ತಂಗಿ, ಹಳೇದ್ನೆಲ್ಲ ಕೆದಕಡ" ಎಂದರು. ಕೀಬೋರ್ಡನ್ನು ಅವರ ಮುಖಕ್ಕೆ ಎಸೆಯಬೇಕೆನ್ನಿಸಿತು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಜಾತಕ ಬಾರದ್ದನ್ನು ನೋಡಿ, ನಮಗೇ ಮನಸ್ಸಿಲ್ಲವೆಂದು ತಿಳಿದು ಯಲ್ಲಾಪುರದವರೂ ಸುಮ್ಮನಾಗಿದ್ದಿರಬೇಕು. ಅವರೂ ಮರ್ಯಾದಸ್ಥರೇ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ. ಅದನ್ನು ಮಡಿಸುತ್ತ, "ಅವ್ರಾದ್ರೂ ಒಂದು ಮಾತು ಕೇಳಕಾಗಿತ್ತು" ಎಂದ.

ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. "ನೀನೂ ಕೇಳಕಾಗಿತ್ತು, ಅಪ್ಪ" ಎಂದಳು.

ಅಂದು ಸೋಮವಾರ. ಅವಳು ಒಳಗೆ ಹೋಗಿ, ತಾನೇ ಅನ್ನ ಬಡಿಸಿಕೊಂಡು ಹೊಟ್ಟೆತುಂಬ ಉಂಡಳು.