ಎರಡೂ ಬದಿ ನುಣುಪಾದ ಕಲ್ಲು

ಮೊನ್ನೆ ಸೇಡಂನ ನಮ್ಮ ಅಡುಗೆಮನೆಯ ನೆಲಕ್ಕೆಂದು ಶಹಾಬಾದಿನಿಂದ ಫರಸಿ ಕಲ್ಲು ತರಿಸಿದೆವು. ಗೌಂಡಿ ಸಾಯಬಣ್ಣ ಅವನ್ನು ಗೋಡೆಗೆ ಒರಗಿಸಿ ಮೇಲೊಂದು ಕೊಡ ನೀರು ಸುರಿದ. ಕಾದ ಕಲ್ಲಿಗೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ನಮ್ಮ ಕಡೆಯವರಿಗೆ ಅದು ಸುಖದ ವಾಸನೆ. ಬೇಸಿಗೆಯ ಮಧ್ಯಾಹ್ನ ನೆಲಕ್ಕೆ ಬೆನ್ನು ಹಚ್ಚಿ ಮಲಗಿದ ನೆನಪು. ನನಗೆ ಮಾತ್ರ ಈಗ ಆ ವಾಸನೆ ಬಂದರೆ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ, ಇಲ್ಲದ ಬ್ರೇಕನ್ನು ಹುಡುಕುವಂತೆ. ನನಗೆ ಕಾರು ನಡೆಸಲು ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ನನ್ನ ತಮ್ಮ ಮಲ್ಲು ಶಹಾಬಾದಿನಲ್ಲಿ ಸಿಮೆಂಟಿನ ಲಾರಿಗಳ ರಿಪೇರಿ ಮಾಡುತ್ತಾನೆ. ಅವನ ಗ್ಯಾರೇಜಿನ ಗೋಡೆಯಲ್ಲಿ ಬಸವಣ್ಣನ ಪಟದ ಪಕ್ಕದಲ್ಲೇ ಒಂದು ಕಾರಿನ ಚಿತ್ರವಿದೆ. ಹಲ್ಲಿಯ ಹಾಗೆ ನೆಲಕ್ಕೆ ಅಂಟಿಕೊಂಡ ನೀಲಿ ಕಾರು. ಅದರ ಹಿಂದೆ ಎಣ್ಣೆ ಮೆತ್ತಿದ ಬಟ್ಟೆಯ ಕೆಲವು ಜನ. ಫ್ರಾನ್ಸಿನ ಯಾವುದೋ ಸಣ್ಣ ಊರಿನ ಸಣ್ಣ ಕಾರ್ಖಾನೆಯವರಂತೆ. ಇಂಜಿನ್ನು ಬೇರೆಯವರದು, ಉಳಿದದ್ದೆಲ್ಲ ತಮ್ಮದೇ ಕೈಕೆಲಸ. ಹಗಲೂ ರಾತ್ರಿ ನಿಲ್ಲದೆ ಓಡುವ ಪಂದ್ಯಕ್ಕೆ, ದೊಡ್ಡ ದೊಡ್ಡ ಕಂಪನಿಗಳ ಎದುರು, ತಾವೇ ಕಾರು ಕಟ್ಟಿಕೊಂಡು ಹೋಗುತ್ತಿದ್ದರಂತೆ.

“ಗೆದ್ದಾರೇನು?” ಎಂದು ಕೇಳಿದ್ದೆ.

“ಗೆಲ್ಲೋದಲ್ಲಕ್ಕಾ, ಮುಗಸೋದು. ಅರ್ಧಾ ಗಾಡಿ ನಡುದಾರ್ಯಾಗ ಕೆಟ್ಟು ನಿಂದರ್ತಾವ. ಇವರದು ಕೆಮ್ಮಕೋಂತ, ಕುಂಟಕೋಂತ ಹೋಗಿ ಮುಟ್ತದ. ನಮ್ಮಂಥ ಗ್ಯಾರೇಜಿನವರೇ ನೋಡು!”

ಆ ಕಾರ್ಖಾನೆಯ ಹೆಸರು ಅವನ ಬಾಯಲ್ಲಿ ದಿನಕ್ಕೊಂದು ಥರ ಹೊರಳುತ್ತಿತ್ತು. ಕೊನೆಗೆ ಎಲ್ಲರೂ ಅದನ್ನು ‘ಫ್ರಾನ್ಸ್ ಗ್ಯಾರೇಜು’ ಎಂದೇ ಕರೆದರು. ಮಲ್ಲು ಗುಜರಿಯ ಸಾಮಾನು ಕೂಡಿಸಿ, ತಗಡು ಬಡಿದು, ತನ್ನದೇ ಒಂದು ಹಲ್ಲಿ ಕಟ್ಟತೊಡಗಿದಾಗ ಲಾರಿಯವರು ಬಾಗಿಲಲ್ಲಿ ನಿಂತು ಚುಚ್ಚುತ್ತಿದ್ದರು: “ಫ್ರಾನ್ಸ್ ಸಾವ್ಕಾರ್ರ, ನಮ್ಮ ಲಾರಿ ಯಾವಾಗ ಕೊಡ್ತೀರಿ?”

ಮುಂಜಾನೆಯಿಂದ ಹೊತ್ತು ಮುಳುಗುವ ತನಕ ನಿಲ್ಲಿಸದೆ ಓಡಿಸಬೇಕೆಂಬುದು ಅವನ ಹಟ. ಅದಕ್ಕೆ ಆರಿಸಿಕೊಂಡದ್ದು ಊರ ಹೊರಗೆ ಕೆಲಸ ನಿಂತುಹೋದ ಒಂದು ಫರಸಿ ಖಣಿ. ಕಲ್ಲು ತೆಗೆದು ಬಿಟ್ಟ ನೆಲ ಅಂಗೈಯಂತೆ ಸಪಾಟು. ಆದರೆ ಒಂದು ಬದಿ ಇನ್ನೂ ಆಳಕ್ಕೆ ಕಡಿದಿದ್ದು, ಅಲ್ಲಿ ಹಸಿರು ನೀರು ನಿಂತಿತ್ತು. ಆ ನೀರಿನ ತಳ ಕಂಡವರು ಯಾರೂ ಇಲ್ಲ.

ಜೋರಾಗಿ ಓಡಿದರೆ ಹಗುರಾದ ಕಾರಿನ ಮೂತಿ ಮೇಲೇಳುತ್ತಿತ್ತು. ಮುಂದೆ ಭಾರ ಬೇಕು. ಶಹಾಬಾದಿನವರಿಗೆ ಭಾರವೆಂದರೆ ಕಲ್ಲಲ್ಲದೆ ಇನ್ನೇನು ನೆನಪಾದೀತು? ಮಲ್ಲುವಿನ ಗೆಳೆಯ ಖಾಜಾನದು ಕಲ್ಲು ಪಾಲಿಶ್ ಮಾಡುವ ಅಂಗಡಿ. ಕಾರಿನೊಳಗೆ ಕಾಲಿಡುವ ಜಾಗದ ಅಳತೆ ತೆಗೆದುಕೊಂಡು ಹೋದವನು ಒಂದು ದಪ್ಪ ತುಂಡನ್ನು ಕೂಸಿನಂತೆ ಎತ್ತಿಕೊಂಡು ಬಂದ. ಫರಸಿಗೆ ಪಾಲಿಶ್ ಒಂದೇ ಬದಿಗೆ. ಕೆಳಗಿನ ಬದಿ ಒರಟಾಗಿಯೇ ಇದ್ದು ನೆಲವನ್ನು ಕಚ್ಚಿಕೊಳ್ಳಬೇಕು. ಖಾಜಾನ ಕಲ್ಲಿನಲ್ಲಿ ಎರಡೂ ಬದಿ ಮುಖ ಕಾಣುತ್ತಿತ್ತು.

“ರೇಸಿನ ಗಾಡಿ ಅದ ಅಕ್ಕಾರ,” ಎಂದ ಖಾಜಾ. “ಕೆಳಗ ಖರಬರಾ ಬಿಟ್ಟು ಕೊಟ್ರ ನಮ್ಮ ದುಕಾನದ್ದು ಇಜ್ಜತ್ ಏನ್ ಉಳೀತದ?”

ರಂಧ್ರ ಕೊರೆದರೆ ಒಡೆದೀತೆಂದು ಬೋಲ್ಟ್ ಹಾಕಲಿಲ್ಲ. ತನ್ನ ಭಾರಕ್ಕೆ ತಾನೇ ಕೂತಿರುತ್ತದೆ ಎಂದುಕೊಂಡರು.

ನಾನು ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಓದಿದವಳೆಂಬ ಗೌರವಕ್ಕೆ ನನ್ನ ಕೈಗೆ ಒಂದು ಕೆಂಪು ಟವೆಲು ಕೊಟ್ಟು, ನೀರಿನ ಬದಿಯ ತಿರುವಿನಲ್ಲಿ ನಿಲ್ಲಿಸಿದರು. ಅದನ್ನು ಬೀಸಿದರೆ ‘ನಿಲ್ಲು’ ಎಂದರ್ಥ. ಮೊದಮೊದಲು ಎಲ್ಲವೂ ಚಂದವಿತ್ತು. ಪ್ರತಿ ಸುತ್ತಿಗೂ ಮಲ್ಲು ಹಲ್ಲು ಕಿರಿಯುತ್ತ ಹೋಗುತ್ತಿದ್ದ. ಬಿಸಿಲೇರಿತು. ಖಾಜಾ ಕೊಡದಿಂದ ತಿರುವಿಗೆ ನೀರು ಹೊಡೆದು ಧೂಳು ಕೂರಿಸಿದ. ಆ ವಾಸನೆ ಎದ್ದಿತು.

ಮುಂದಿನ ಸುತ್ತಿನಲ್ಲಿ ಮಲ್ಲುವಿನ ಮುಖದಲ್ಲಿ ನಗುವಿರಲಿಲ್ಲ. ಅವನು ಕೆಳಗೆ ನೋಡುತ್ತಿದ್ದ. ತನ್ನ ಕಾಲುಗಳನ್ನು ನೋಡುತ್ತಿದ್ದ. ಕಾರು ನೇರ ನೀರಿನ ಕಡೆಗೆ ಬರುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಟವೆಲು ಬೀಸಿದೆ. ಬ್ರೇಕು ಹತ್ತದ ಗಾಡಿಗೆ, ನಿಲ್ಲಲು ಒದ್ದಾಡುತ್ತಿದ್ದವನಿಗೆ, ‘ನಿಲ್ಲು, ನಿಲ್ಲು’ ಎಂದು ಟವೆಲು ಬೀಸುತ್ತಲೇ ಇದ್ದೆ. ನೆನೆದರೆ ಒಮ್ಮೊಮ್ಮೆ ನಗು ಬರುತ್ತದೆ. ನಗುವಿನ ಬೆನ್ನಿಗೇ ಮೈ ತಣ್ಣಗಾಗುತ್ತದೆ.

ನೀರಿನ ಅಂಚಿಗೆ ಒಡೆದ ಫರಸಿಯ ರಾಶಿಯೊಂದಿತ್ತು. ಮಲ್ಲು ಕಾರನ್ನು ಅದಕ್ಕೆ ತಿರುಗಿಸಿದ. ಸಾವಿರ ಕಂಚಿನ ಗಂಗಾಳ ಒಟ್ಟಿಗೆ ಬಿದ್ದಂಥ ಸಪ್ಪಳ. ಕಾರು ರಾಶಿಯೊಳಗೆ ಹೂತು, ಮೂತಿ ನೀರಿನ ಮೇಲೆ ಚಾಚಿ ನಿಂತಿತು. ಆಮೇಲೆ ಮೌನ. ಆ ಮೌನದಲ್ಲಿ ಕಲ್ಲಿನ ಚಪ್ಪಡಿಗಳು ನಿಧಾನವಾಗಿ ಜಾರಿ, ಒಂದಾದ ಮೇಲೊಂದು ನೀರಿಗೆ ಬೀಳುತ್ತಿದ್ದವು. ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸುವುದು ಡಿಕ್ಕಿಯಲ್ಲ, ಆ ಗುಳುಂ ಎನ್ನುವ ಸದ್ದು.

ಖಾಜಾ ಹಿಂದಿನಿಂದ ಹೋಗಿ ಅವನನ್ನು ರಟ್ಟೆ ಹಿಡಿದು ಎಳೆದ. ಹಣೆಯಿಂದ ರಕ್ತ ಇಳಿಯುತ್ತಿದ್ದ ಮಲ್ಲು, “ಅಳಬ್ಯಾಡಕ್ಕಾ, ಮುಗಸ್ಲಿಲ್ಲ ಅಷ್ಟೇ,” ಎಂದ. ನಾನು ಅಳುತ್ತಿದ್ದೇನೆಂದು ಆಗಲೇ ನನಗೆ ತಿಳಿದದ್ದು. ಖಾಜಾ ಕಾರಿನೊಳಗೆ ಬಗ್ಗಿ ನೋಡಿದ. ಕಲ್ಲು ಮುಂದಕ್ಕೆ ಜಾರಿ ಬ್ರೇಕ್ ಪೆಡಲಿನ ಹಿಂದೆ ಬೆಣೆಯಂತೆ ಕೂತಿತ್ತು. ಒಂದು ಗೆರೆಯೂ ಬಿದ್ದಿರಲಿಲ್ಲ. ಅವನು ಅದನ್ನು ಎತ್ತಿ ಕೆಳಬದಿಯ ಮೇಲೆ ಕೈಯಾಡಿಸಿದ. “ನನ್ನ ಪಾಲಿಶ್,” ಎಂದವನು ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತ.

“ಅಕ್ಕಾರ, ಕಲ್ಲು ಉಲ್ಟಾ ಹಿಡದೀರಲ್ರಿ,” ಎಂದ ಸಾಯಬಣ್ಣ ಮೊನ್ನೆ. ನಾನು ಫರಸಿಯ ಒರಟು ಬದಿಯನ್ನು ಸವರುತ್ತ ನಿಂತಿದ್ದೆ.

“ಹೊಸ್ತಿಲ ಹತ್ರ ಒಂದ್ ಕಲ್ಲು ಹಿಂಗೇ ಹಾಕು. ಖರಬರಾ ಮ್ಯಾಲ ಬರ್ಲಿ.”

“ಮಂದಿ ನಗ್ತಾರ್ರಿ.”

“ನಗ್ಲಿ.”

ಅವನು ತಲೆ ಅಲ್ಲಾಡಿಸುತ್ತ ಕೂರಿಸಿದ. ಅಷ್ಟರಲ್ಲೇ ಮಲ್ಲುವಿನ ಫೋನು ಬಂತು. “ಐತ್ವಾರ ಬಾ ಅಕ್ಕಾ. ಗಾಡಿ ತಯಾರ್ ಅದ. ಈ ಸಲ ಕಲ್ಲಿಲ್ಲ, ಕಬ್ಬಿಣ. ಬೋಲ್ಟ್ ಹಾಕೀನಿ. ಖಣಿ ಬ್ಯಾಡ, ವಾಡಿ ಕಡಿ ಬಯಲಾಗ ಓಡಸ್ತೀನಿ. ಈ ಸಲ ಮುಗಸ್ತೀನಿ.”

ಬೇಡ ಎನ್ನಲು ಬಾಯಿ ತೆರೆದೆ. ನಾನು ಬೇಡವೆಂದರೂ ಅವನು ಓಡಿಸುತ್ತಾನೆ. ಓಡಿಸಿದ ಸುದ್ದಿ ನನಗೆ ತಡವಾಗಿ ತಲುಪುತ್ತದೆ, ಅಷ್ಟೇ.

“ಬರ್ತೀನಿ,” ಎಂದೆ. “ನೀ ಗಾಡ್ಯಾಗ ಕೂಡೂಕಿಂತ ಮೊದಲ ಪೆಡಲಿನ ಹಿಂದ ನಾ ಕೈ ಹಾಕಿ ನೋಡಾಕಿ.”

“ಖಾಜಾ ಭಾಯ್ ದಿನಾ ನೋಡ್ತಾನಕ್ಕಾ.”

“ಅವ ನೋಡ್ಲಿ. ನಾನೂ ನೋಡ್ತೀನಿ.”

ಫೋನಿಟ್ಟಾಗ ಸಾಯಬಣ್ಣ ಕೂಗಿದ: “ಅಕ್ಕಾರ, ಇಳೀರಿ! ಇನ್ನಾ ಹಸಿ ಅದ, ಕಲ್ಲು ಸರೀತದ!”

ಮಾತಿನ ಗಡಿಬಿಡಿಯಲ್ಲಿ ಆ ಒರಟು ಕಲ್ಲಿನ ಮೇಲೆಯೇ ನಿಂತುಬಿಟ್ಟಿದ್ದೆ. ಬಲಗಾಲು ಬೆರಳು ಬಿಳುಪೇರುವಷ್ಟು ಅದನ್ನು ಒತ್ತಿ ಹಿಡಿದಿತ್ತು. ಕಲ್ಲು ಸರಿದಿರಲಿಲ್ಲ. ಆದರೂ ಇಳಿಯಲು ನನಗೆ ತುಸು ಹೊತ್ತು ಹಿಡಿಯಿತು.