ಗೇಟಿನ ಬಳಿ ಬಿಟ್ಟ ಚಪ್ಪಲಿ

ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ರೇಷ್ಮೆ ಮಿಲ್ಲಿನ ಸಾಹುಕಾರರೊಬ್ಬರ ತೋಟದ ಬಂಗಲೆಯಿತ್ತು. ಅದರ ಗೇಟು ಕಾಯುವವನನ್ನು ನಾವೆಲ್ಲ ಗೇಟಣ್ಣ ಎನ್ನುತ್ತಿದ್ದೆವು. ನಾನು ಹಾಲು ಹಾಕಲು ಹೋದಾಗಲೆಲ್ಲ ಅವನದು ಒಂದೇ ಮಾತು: "ಚಪ್ಪಲಿ ಇಲ್ಲೇ ಬುಡ್ಲಾ, ನಾ ನೋಡ್ಕತೀನಿ."

ಬಂಗಲೆಯ ಮುಂದೆ ಚಪ್ಪಲಿ ಮೆಟ್ಟಿ ನಡೆಯುತ್ತಿದ್ದವರು ಸಾಹುಕಾರರು ಮಾತ್ರ. ಅವರು ಹುಲ್ಲಿನ ಮೇಲೆ ಬರಿಗಾಲಲ್ಲಿ ಅಡ್ಡಾಡಿ ಬಂದರೆ, ಗೇಟಣ್ಣ ಅವರ ಚಪ್ಪಲಿಯನ್ನು ಹೆಗಲ ಟವಲಿನಿಂದ ಒರೆಸಿ ಕಾಲ ಮುಂದೆ ಜೋಡಿಸಿಡುತ್ತಿದ್ದ. ನೋಡಿ ನನಗೆ ಸಿಟ್ಟು ಬರುತ್ತಿತ್ತು. ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ಆಮೇಲೆ ಸಾಹುಕಾರರು ತೋಟವನ್ನು ಆಶ್ರಮವೊಂದಕ್ಕೆ ದಾನ ಕೊಟ್ಟರು. ಅವರು ಇಸ್ಪೀಟಾಡುತ್ತಿದ್ದ ಹಜಾರದಲ್ಲಿ ಈಗ ಜನ ಕಣ್ಣು ಮುಚ್ಚಿ ಕೂರುತ್ತಾರೆ. ಗೇಟಣ್ಣ ಗೇಟಿನಲ್ಲೇ ಉಳಿದ, ಅವನ ಮಾತೂ ಉಳಿಯಿತು. ಬಂದವರಿಗೆಲ್ಲ "ಸಾ" ಎನ್ನಬೇಕೆಂದು ಸ್ವಾಮಿಗಳು ಹೇಳಿದ್ದರಿಂದ ನನಗೂ "ಬುಡಿ ಸಾ" ಎನ್ನತೊಡಗಿದ.

ಹೋದ ವರ್ಷ ಪ್ರವಚನ ಕೇಳಲು ಸಾಹುಕಾರರೇ ಬಂದರು. "ಚಪ್ಪಲಿ ಇಲ್ಲೇ ಬುಡಿ ಸಾ, ನಾ ನೋಡ್ಕತೀನಿ," ಎಂದ ಗೇಟಣ್ಣ. ಅವರು ನಕ್ಕು ಬಿಟ್ಟು ಹೋದರು. ಪ್ರವಚನ ಮುಗಿದ ಮೇಲೆ ನಾವೆಲ್ಲ ಒಟ್ಟಿಗೇ ಹೊರಗೆ ಬಂದೆವು. ಸಾಹುಕಾರರು ಗೇಟಿನ ಬಳಿ ನಿಂತು, ಹಳೆಯ ಅಭ್ಯಾಸದಂತೆ ಬಲಗಾಲನ್ನು ತುಸು ಮುಂದೆ ಚಾಚಿದರು. ಗೇಟಣ್ಣ ಸ್ಟೂಲಿನಿಂದ ಏಳಲಿಲ್ಲ. ಟವಲು ಹೆಗಲ ಮೇಲೇ ಇತ್ತು.

"ಮೂರ್ನೇ ಸಾಲಲ್ಲಿ ಅವೆ ನೋಡಿ ಸಾ," ಎಂದ, ಮೆಲ್ಲಗೆ.

ಸಾಹುಕಾರರು ಚಪ್ಪಲಿಗಳ ಮೂರನೇ ಸಾಲಿನ ಬಳಿ ಹೋದರು. ಆಮೇಲೆ ಬಗ್ಗಿ, ನನ್ನ ಹವಾಯಿ ಚಪ್ಪಲಿಯನ್ನು ಕೈಯಿಂದ ಪಕ್ಕಕ್ಕಿಟ್ಟು, ತಮ್ಮದನ್ನು ಎತ್ತಿಕೊಂಡರು.