‘ಪರವಾಗಿಲ್ಲ’ ಅಂದರೆ ಎಷ್ಟು ವಾಸಿ?

ಸ್ನೇಹಿತರೇ, ‘ಪರವಾಗಿಲ್ಲ’ ಎಂಬ ಒಂದು ಪದದಿಂದಾಗಿ ನನ್ನ ತಂಗಿಯ ಮಗಳ ಸಂಶೋಧನಾ ಲೇಖನ ಇವತ್ತು ವಾಪಸ್ ಬಂತು. ಶಿವಮೊಗ್ಗದಲ್ಲಿ ವೈದ್ಯೆಯಾಗಿರುವ ಸುಮಾ, ಭದ್ರಾವತಿಯ ಸಹಪಾಠಿ ಡಾಕ್ಟರ್ ಜೊತೆ ಸೇರಿ ಮಂಡಿನೋವಿಗೆ ಒಂದು ವ್ಯಾಯಾಮವನ್ನು ಪರೀಕ್ಷಿಸಿದ್ದಳು. ‘ವಾಸಿಯಾಗಿದೆ ಎಂದು ಅಳೆದದ್ದು ಹೇಗೆ? ಎರಡೂ ಊರಲ್ಲಿ ಒಂದೇ ರೀತಿಯೇ?’ ಎಂದು ವೈದ್ಯಕೀಯ ಪತ್ರಿಕೆಯವರು ಕೇಳಿದ್ದಾರೆ.

ಅವಳು ನಮ್ಮ ಮನೆಯಿಂದಲೇ ಆ ಸಹಪಾಠಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದಳು.

“ಪೇಷಂಟು ‘ಪರವಾಗಿಲ್ಲ’ ಅಂದ್ರೆ ಏನಂತ ಬರ್ಕೊಂಡೆ ಮಾರಾಯ?”

“ವಾಸಿ ಆಗಿದೆ ಅಂತ. ನೀನು?”

“ಹಾಗೇ ಇದೆ ಅಂತ.”

ಅದೇ ಪರೀಕ್ಷೆಯಲ್ಲಿ ಭಾಗವಹಿಸಿದ್ದ ನನ್ನ ಹೆಂಡತಿ ಕಾಫಿ ಕೊಡುತ್ತಾ ಹೇಳಿದಳು: “ನಾನೂ ಪರವಾಗಿಲ್ಲ ಅಂದಿದ್ದೆ ಕಣೆ. ನೋವು ಜಾಸ್ತಿನೇ ಇತ್ತು. ನಿನಗ್ಯಾಕೆ ಬೇಜಾರು ಮಾಡೋದು ಅಂತ.”

ಸುಮಾ ತಲೆಯ ಮೇಲೆ ಕೈ ಹೊತ್ತಳು, ಆಮೇಲೆ ನಕ್ಕಳು. ಎಲ್ಲರನ್ನೂ ಮತ್ತೆ ಕರೆಸಿ, ಎರಡೂ ಊರಲ್ಲಿ ಒಂದೇ ಪ್ರಶ್ನೆ ಕೇಳುತ್ತಾರಂತೆ: ಏನನ್ನೂ ಹಿಡಿದುಕೊಳ್ಳದೆ ಮೆಟ್ಟಿಲು ಹತ್ತುತ್ತೀರಾ? ಮೊದಲು ಆದ ಎಡವಟ್ಟನ್ನೂ ಲೇಖನದಲ್ಲೇ ಬರೆಯುತ್ತಾರಂತೆ. ನನಗಂತೂ ಈಗ ಅವರ ಲೇಖನದ ಮೇಲೆ ನಂಬಿಕೆ ಹೆಚ್ಚಾಯಿತು.

“ಕಾಫಿ ಹೇಗಿದೆ?” ಎಂದಳು ಹೆಂಡತಿ.

“ಸಕ್ಕರೆ ಕಡಿಮೆ” ಎಂದೆ. ಹಳೆಯ ಉತ್ತರ ನಮ್ಮ ಮನೆಯಲ್ಲಿ ಇನ್ನು ನಡೆಯುವುದಿಲ್ಲ.